ಒಂದೇ ತೋಟ, ಮೂರು ಲೆಕ್ಕ: ಸರ್ಕಾರಿ ಅಂಕಿಅಂಶಕ್ಕೆ ಕಾವಲು ಯಾರು?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯನೂ ಆಗಿದ್ದೆ. ನಮ್ಮ ಊರಿನ ಅಡಿಕೆ ವಿಸ್ತೀರ್ಣ ಪಹಣಿಯಲ್ಲಿ ಒಂದು, ತೋಟಗಾರಿಕೆ ಇಲಾಖೆಯಲ್ಲಿ ಇನ್ನೊಂದು, ಬೆಳೆ ಸಮೀಕ್ಷೆಯಲ್ಲಿ ಮತ್ತೊಂದು. ವಿಮೆಗೆ ಲೆಕ್ಕ ಹಿಡಿಯುವ ಮಳೆಗೂ ನಮ್ಮ ಅಂಗಳದಲ್ಲಿ ಬಿದ್ದ ಮಳೆಗೂ ತಾಳೆಯಾಗುವುದಿಲ್ಲ. ಜೆರ್ಸಿ ಎಂಬ ಪುಟ್ಟ ದ್ವೀಪದಲ್ಲಿ ಸರ್ಕಾರದ ಅಂಕಿಅಂಶಗಳನ್ನು ಪರಿಶೀಲಿಸಲು ಸ್ವತಂತ್ರ ವ್ಯವಸ್ಥೆ ಇದೆಯೆಂದು ಅಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ಹೇಳುತ್ತಾನೆ. ಅಷ್ಟು ಸಣ್ಣ ಜಾಗಕ್ಕೆ ಸಾಧ್ಯವಾದದ್ದು ನಮ್ಮ ಜಿಲ್ಲೆಗೆ ಏಕೆ ಸಾಧ್ಯವಿಲ್ಲ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಲೆಕ್ಕಗಳು ಏಕೆ ಹೊಂದುವುದಿಲ್ಲ ಎಂಬುದು ಒಂದು, ಹೊಂದದಿದ್ದಾಗ ಕೇಳುವವರು ಯಾರು ಎಂಬುದು ಇನ್ನೊಂದು. ಮೂವತ್ತು ವರ್ಷ ಸಾಂಖ್ಯಿಕ ಇಲಾಖೆಯ ಉಪ್ಪು ತಿಂದವನು ನಾನು. ಮೊದಲನೆಯದಕ್ಕೆ ಉತ್ತರಿಸದೆ ಎರಡನೆಯದಕ್ಕೆ ಹೋದರೆ ಇಲಾಖೆಗೂ ಅನ್ಯಾಯ, ನಿಮಗೂ ಅನ್ಯಾಯ. ಹೊಂದದ ಲೆಕ್ಕವೆಲ್ಲ ಕಳ್ಳಲೆಕ್ಕವೇನಲ್ಲ.

ನಿಮ್ಮ ಅಡಿಕೆಯನ್ನೇ ನೋಡೋಣ. ಗದ್ದೆಗೆ ಮಣ್ಣು ಹಾಕಿ ಅಡಿಕೆ ನೆಟ್ಟು ಎಂಟು ವರ್ಷವಾಗಿರುತ್ತದೆ, ಪಹಣಿಯ ಬೆಳೆ ಕಾಲಮ್ಮಿನಲ್ಲಿ ಇನ್ನೂ ಭತ್ತವೇ ಇರುತ್ತದೆ. ತೋಟಗಾರಿಕೆ ಇಲಾಖೆ ಎಳೆಯ ಗಿಡಗಳನ್ನೂ ಸೇರಿಸಿ ಒಟ್ಟು ವಿಸ್ತೀರ್ಣ ಹೇಳುತ್ತದೆ. ಅದೇ ತೋಟದಲ್ಲಿ ಕಾಳುಮೆಣಸು, ಬಾಳೆ, ಕೊಕ್ಕೊ ಇದ್ದರೆ ಒಂದೇ ಎಕರೆ ಮೂರು ಬೆಳೆಗಳ ಪಟ್ಟಿಯಲ್ಲಿ ಮೂರು ಸಲ ಕಾಣಿಸಿಕೊಳ್ಳುವುದೂ ಉಂಟು. ಬೆಳೆ ಸಮೀಕ್ಷೆಯವರು ಮೊಬೈಲ್ ಹಿಡಿದು ಸರ್ವೆ ನಂಬರಿಗೆ ಹೋಗಿ ಫೋಟೊ ತೆಗೆಯುತ್ತಾರೆ, ಅವರಿಗೆ ಸಿಗುವುದು ಆ ದಿನ ಅಲ್ಲಿ ನಿಂತಿರುವ ಬೆಳೆ. ಇನ್ನು ಬಗರ್ ಹುಕುಂ ಜಾಗದ ತೋಟ, ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನಬೆಟ್ಟಕ್ಕೆ ಚಾಚಿಕೊಂಡ ತೋಟ ಯಾರ ಹೆಸರಿನಲ್ಲಿ, ಯಾವ ತಲೆಬರಹದ ಕೆಳಗೆ ಬರಬೇಕು ಎಂಬುದು ಮಲೆನಾಡಿನಲ್ಲಿ ಯಾವ ಅಧಿಕಾರಿಯೂ ಗಟ್ಟಿಯಾಗಿ ಬಾಯಿಬಿಡದ ವಿಷಯ. ಇಳುವರಿಗೆ ಬಂದರೆ ಒಬ್ಬರು ಹಸಿ ಅಡಿಕೆ ತೂಗುತ್ತಾರೆ, ಇನ್ನೊಬ್ಬರು ಬೇಯಿಸಿ ಒಣಗಿಸಿದ್ದನ್ನು ತೂಗುತ್ತಾರೆ.

ಇವೆಲ್ಲಕ್ಕಿಂತ ಸ್ವಾರಸ್ಯದ್ದು ಕಾಡಿನ ಲೆಕ್ಕ. ಎರಡು ವರ್ಷಕ್ಕೊಮ್ಮೆ ಬರುವ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವರದಿಯಲ್ಲಿ 'ಅರಣ್ಯ ಹೊದಿಕೆ' ಎಂದರೆ ಒಂದು ಹೆಕ್ಟೇರಿಗಿಂತ ಕಡಿಮೆಯಿಲ್ಲದ, ಶೇ 10ಕ್ಕಿಂತ ಹೆಚ್ಚು ಮರದ ನೆರಳಿರುವ ಜಾಗ. ಅದರ ಒಡೆತನ ಯಾರದು, ಮರ ಯಾವುದು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಉಪಗ್ರಹದ ಕಣ್ಣಿಗೆ ನಿಮ್ಮ ಅಡಿಕೆ ತೋಟವೂ ಕಾಡೇ! ಅರಣ್ಯ ಇಲಾಖೆಯ ಕಡತದಲ್ಲಿರುವ ಕಾಡು ಬೇರೆ, ಆ ವರದಿಯ ಕಾಡು ಬೇರೆ. ಎರಡೂ ಸುಳ್ಳಲ್ಲ, ಎರಡರ ಅರ್ಥ ಬೇರೆ ಬೇರೆ. ಅದನ್ನು ಹೇಳದೆ ಅಂಕಿಯನ್ನಷ್ಟೇ ಭಾಷಣಕ್ಕೆ ಎತ್ತಿಕೊಂಡಾಗ ಸುಳ್ಳು ಹುಟ್ಟುತ್ತದೆ. ಯಾವ ಸ್ವತಂತ್ರ ಪರಿಶೀಲಕನಾದರೂ ಮೊದಲು ಮಾಡಬೇಕಾದ ಕೆಲಸ ಇದು: ಅಂಕಿಯ ಪಕ್ಕದಲ್ಲಿ ಅದರ ಅರ್ಥವನ್ನು ಬರೆಸುವುದು. ನಿಮ್ಮ ಮೂರು ವಿಸ್ತೀರ್ಣಗಳ ಜಗಳ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತದೆ.

ಉಳಿದ ಕಾಲು ಪಾಲಿನಲ್ಲಿ ವಿಷವಿದೆ. ಅದನ್ನು ವಿವರಿಸಲು ನಿಮ್ಮನ್ನು ಒಂದು ಗದ್ದೆಗೆ ಕರೆದುಕೊಂಡು ಹೋಗುತ್ತೇನೆ.

ಇಳುವರಿ ಅಂದಾಜಿಸಲು ಮಾಡುವ ಭತ್ತದ ಬೆಳೆ ಕಟಾವು ಪ್ರಯೋಗ ನೀವು ನೋಡಿರಬಹುದು. ಯಾವ ಸರ್ವೆ ನಂಬರ್ ಎಂಬುದು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಮೊದಲೇ ಆಯ್ಕೆಯಾಗಿರುತ್ತದೆ. ಗದ್ದೆಯ ನೈರುತ್ಯ ಮೂಲೆಯಲ್ಲಿ ನಿಂತು, ಪಟ್ಟಿಯಲ್ಲಿ ಬಂದಿರುವ ಎರಡು ಸಂಖ್ಯೆಗಳಷ್ಟು ಹೆಜ್ಜೆಯನ್ನು ಉದ್ದಕ್ಕೂ ಅಡ್ಡಕ್ಕೂ ಎಣಿಸಿ ಗೂಟ ನೆಡಬೇಕು. ಅಲ್ಲಿಂದ ಐದು ಮೀಟರ್ ಉದ್ದ, ಐದು ಮೀಟರ್ ಅಗಲ ಹಗ್ಗ ಕಟ್ಟಬೇಕು. ಹಗ್ಗದೊಳಗಿನ ಪೈರನ್ನು ಕೊಯ್ದು, ಅಲ್ಲೇ ಬಡಿದು, ತೂರಿ, ತೂಗಬೇಕು. ಆ 25 ಚದರ ಮೀಟರ್ ಒಂದು ಹೆಕ್ಟೇರಿನ ನಾನೂರನೆಯ ಒಂದು ಭಾಗ. ತಕ್ಕಡಿಯಲ್ಲಿ 10 ಕಿಲೊ ಬಂದರೆ ಹೆಕ್ಟೇರಿಗೆ 40 ಕ್ವಿಂಟಲ್. ಅರ್ಧ ಕಿಲೊ ಆಚೀಚೆಯಾದರೆ ಹೆಕ್ಟೇರಿಗೆ ಎರಡು ಕ್ವಿಂಟಲ್ ಆಚೀಚೆ.

ಕೇಂದ್ರದ ಬೆಳೆ ವಿಮೆಯಾದ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಗೆ ಇಂಥ ಪ್ರಯೋಗಗಳು ನಾಲ್ಕು. ನಾಲ್ಕನ್ನೂ ಕೂಡಿಸಿದರೆ 100 ಚದರ ಮೀಟರ್, ಅಂದರೆ ಒಂದು ಗುಂಟೆಗೂ ಒಂದು ಹಿಡಿ ಕಡಿಮೆ. ಇಡೀ ಪಂಚಾಯಿತಿಯ ಭತ್ತದ ರೈತರಿಗೆ ಪರಿಹಾರ ಬರುವುದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಆ ಒಂದು ಗುಂಟೆ ತೀರ್ಮಾನಿಸುತ್ತದೆ. ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದು ವರ್ಷಗಳ ಸರಾಸರಿಯಿಂದ ಒಂದು ಮಿತಿಯ ಇಳುವರಿ ನಿಗದಿಯಾಗಿರುತ್ತದೆ. ಅದಕ್ಕಿಂತ ಎಷ್ಟು ಕಡಿಮೆಯೋ ಅಷ್ಟರ ಪ್ರಮಾಣದಲ್ಲಿ ಹಣ.

ಈಗ ಆ ಹಗ್ಗದ ಸುತ್ತ ಯಾರು ಯಾರು ನಿಂತಿದ್ದಾರೆ ನೋಡಿ. ಗದ್ದೆಯ ಯಜಮಾನನಿಗೆ ತೂಕ ಕಡಿಮೆ ಬಂದರೆ ಒಳ್ಳೆಯದು. ವಿಮೆ ಕಂಪನಿಯ ಹುಡುಗನಿಗೆ ಜಾಸ್ತಿ ಬಂದರೆ ಒಳ್ಳೆಯದು. ತನ್ನ ಯೋಜನೆಗಳಿಂದ ಇಳುವರಿ ಏರಿದೆಯೆಂದು ಪ್ರಗತಿ ಪರಿಶೀಲನಾ ಸಭೆಯಲ್ಲಿ ತೋರಿಸಬೇಕಾದ ಇಲಾಖೆಯವರಿಗೂ ಜಾಸ್ತಿ ಬಂದರೆ ಒಳ್ಳೆಯದು. ಪ್ರಯೋಗ ನಡೆಸುವವರು ಕಂದಾಯ, ಕೃಷಿ, ಪಂಚಾಯತ್ ರಾಜ್ ಇಲಾಖೆಗಳ ಸಿಬ್ಬಂದಿ. ಮೇಲುಸ್ತುವಾರಿಯಷ್ಟೇ ಸಾಂಖ್ಯಿಕ ಇಲಾಖೆಯದು. ಬಿಸಿಲೇರುತ್ತಿರುತ್ತದೆ, ಯಜಮಾನನ ಮನೆಯಿಂದ ಕಾಫಿ, ಅವಲಕ್ಕಿ ಬಂದಿರುತ್ತದೆ. 'ಆ ಮೂಲೆಯಲ್ಲಿ ಗೂಟ ಹಾಕಿ ಸ್ವಾಮಿ, ಅಲ್ಲಿ ನೆರಳು' ಎಂದು ಒಬ್ಬರು ಪ್ರೀತಿಯಿಂದಲೇ ಹೇಳುತ್ತಾರೆ. ಆ ಮೂಲೆಯಲ್ಲಿ ಬೆಂಕಿರೋಗ ಬಿದ್ದಿರುತ್ತದೆ.

ಸೊರಬದ ಕಡೆ ಇಂಥದೇ ಒಂದು ಪ್ರಯೋಗದಲ್ಲಿ ನಾನು ಬರೆದುಕೊಂಡು ಬಂದ ತೂಕ ತೀರಾ ಕಡಿಮೆಯಿತ್ತು. ವಾರದ ಮೇಲೆ ಒಂದು ಕಚೇರಿಯಿಂದ ಫೋನು. ಸುಳ್ಳು ಬರೆಯಿರಿ ಎಂದು ಯಾರೂ ಹೇಳಲಿಲ್ಲ. 'ಇನ್ನೊಮ್ಮೆ ನೋಡಿ' ಎಂದರು, ಅಷ್ಟೆ. ಕೊಯ್ದು ಬಡಿದ ಪೈರನ್ನು ಇನ್ನೊಮ್ಮೆ ಹೇಗೆ ನೋಡುವುದು? ನಾನು ಅಂಕಿ ಬದಲಿಸಲಿಲ್ಲ ಎಂದು ಇಲ್ಲಿ ಬರೆದು ದೊಡ್ಡವನಾಗಬಹುದು. ನಿಜವೆಂದರೆ, ಆ ಹೊತ್ತಿಗೆ ನಮೂನೆಯ ಒಂದು ಪ್ರತಿ ಬೇರೆ ಕಚೇರಿ ಸೇರಿಬಿಟ್ಟಿತ್ತು, ಬದಲಿಸಲು ಬರುತ್ತಿರಲಿಲ್ಲ. ನನ್ನ ಪ್ರಾಮಾಣಿಕತೆ ಉಳಿದದ್ದು ಕಾರ್ಬನ್ ಕಾಗದದಿಂದ.

ಕಾವಲು ಎಂದರೆ ನನ್ನ ಮಟ್ಟಿಗೆ ಆ ಕಾರ್ಬನ್ ಪ್ರತಿ. ಎಣಿಸುವವನು ಒಳ್ಳೆಯವನೋ ಕೆಟ್ಟವನೋ ಎಂಬುದರ ಮೇಲೆ ಅಂಕಿ ನಿಲ್ಲಬಾರದು. ಆ ಅಂಕಿಯಿಂದ ಯಾರ ಹೆಸರು ಏರುತ್ತದೋ, ಯಾರ ಜೇಬು ತುಂಬುತ್ತದೋ ಅವರ ಕೈಗೆ ಅದು ಎಟುಕಬಾರದು.

ಇನ್ನು ನಿಮ್ಮ ಸೋದರಳಿಯನ ಜೆರ್ಸಿ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಆ ದ್ವೀಪದಲ್ಲಿ 2021ರ ಜನಗಣತಿಯಂತೆ 1,03,267 ಜನ. 2011ರಲ್ಲಿ ನಮ್ಮ ಜಿಲ್ಲೆಯಲ್ಲೇ 17,52,753 ಜನರಿದ್ದರು. ಜೆರ್ಸಿ ಬ್ರಿಟನ್ನಿನ ರಾಜಮನೆತನಕ್ಕೆ ಸೇರಿದ್ದಾದರೂ ಬ್ರಿಟನ್ನಿನ ಭಾಗವಲ್ಲ, ಹಾಗಾಗಿ ಲಂಡನ್ನಿನ ಪರಿಶೀಲನಾ ಸಂಸ್ಥೆಯ ಕೈ ಅಲ್ಲಿಗೆ ಚಾಚುವುದಿಲ್ಲ. ಬ್ರಿಟನ್ನು 2007ರಲ್ಲಿ ಕಾನೂನು ಮಾಡಿ 2008ರ ಏಪ್ರಿಲ್‌ನಿಂದ ಅಂಕಿಅಂಶ ಪ್ರಾಧಿಕಾರವೊಂದನ್ನು ನಡೆಸುತ್ತಿದೆ. ಮಂತ್ರಿಗಳು ಅಂಕಿಯನ್ನು ತಿರುಚಿ ಮಾತನಾಡಿದರೆ ಅದು ಬಹಿರಂಗವಾಗಿ ಪತ್ರ ಬರೆದು ತಿದ್ದುತ್ತದೆ. ಅಂಥ ದೊಡ್ಡ ಸಂಸ್ಥೆ ಸಾಕುವ ಶಕ್ತಿ ಜೆರ್ಸಿಗಿಲ್ಲ. ಅದು 2018ರಲ್ಲಿ ತನ್ನದೇ ಕಾನೂನು ಮಾಡಿ ಮುಖ್ಯ ಸಾಂಖ್ಯಿಕ ಅಧಿಕಾರಿಯ ವೃತ್ತಿ ಸ್ವಾತಂತ್ರ್ಯಕ್ಕೆ ರಕ್ಷಣೆ ಕೊಟ್ಟಿತು, ಜೊತೆಗೆ ಅಂಕಿಅಂಶ ಬಳಸುವವರ ಒಂದು ಬಳಗಕ್ಕೆ ಕಾನೂನಿನಲ್ಲೇ ಜಾಗ ಮಾಡಿತು. ಅಂಕಿ ಬೇಕಾದವರೇ ಕುಳಿತು, ಅದು ಹೇಗೆ ಬಂತೆಂದು ಕೇಳುವ ಏರ್ಪಾಡು ಇದು. ಸಣ್ಣ ಜಾಗಕ್ಕೆ ಅದೇ ಸರಿ ಎಂದು ನನಗೂ ಅನ್ನಿಸುತ್ತದೆ.

ಆದರೆ ಒಂದು ಮಾತು. ಜೆರ್ಸಿಗೆ ತನ್ನದೇ ಶಾಸನಸಭೆ ಇದೆ, ಶಿವಮೊಗ್ಗ ಒಂದು ಜಿಲ್ಲೆ. ನಮ್ಮ ಜಿಲ್ಲಾ ಸಾಂಖ್ಯಿಕ ಕಚೇರಿ ಬೆಂಗಳೂರಿನ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಕೊಂಬೆ, ನಿರ್ದೇಶನಾಲಯ ಯೋಜನಾ ಇಲಾಖೆಯ ಅಧೀನ. ಜನನ ಮರಣದ ಲೆಕ್ಕವೂ ಇವರದೇ: ರಾಜ್ಯದ ಮುಖ್ಯ ನೋಂದಣಾಧಿಕಾರಿ ಈ ನಿರ್ದೇಶಕರೇ. ಎಣಿಕೆಯನ್ನು ಪ್ರಶ್ನಿಸಬೇಕಾದವರು, ಎಣಿಸುವವರು, ಯೋಜನೆ ರೂಪಿಸುವವರು ಎಲ್ಲರೂ ಒಂದೇ ಅವಿಭಕ್ತ ಕುಟುಂಬ. ಸೊಸೆ ಅತ್ತೆಯ ಲೆಕ್ಕ ಕೇಳಿದ ಹಾಗೆ.

ದೆಹಲಿಯಲ್ಲೂ ಪರಿಸ್ಥಿತಿ ಬಹಳ ಬೇರೆಯಿಲ್ಲ. ದೇಶದ ಅಂಕಿಅಂಶ ವ್ಯವಸ್ಥೆಯನ್ನು ಪರಿಶೀಲಿಸಿದ ಸಿ. ರಂಗರಾಜನ್ ಆಯೋಗ 2001ರಲ್ಲಿ ಕೊಟ್ಟ ವರದಿಯ ಫಲವಾಗಿ ರಾಷ್ಟ್ರೀಯ ಸಾಂಖ್ಯಿಕ ಆಯೋಗ 2006ರ ಜುಲೈನಲ್ಲಿ ಕೆಲಸ ಆರಂಭಿಸಿತು. ಆದರೆ ಅದು ಹುಟ್ಟಿದ್ದು 2005ರ ಒಂದು ಸರ್ಕಾರಿ ನಿರ್ಣಯದಿಂದ. ಅದರ ಹಿಂದೆ ಸಂಸತ್ತಿನ ಕಾಯ್ದೆಯಿಲ್ಲ. ಪರೀಕ್ಷೆ ಬಂದದ್ದು 2019ರ ಜನವರಿಯಲ್ಲಿ. 2017–18ರ ಉದ್ಯೋಗ ಸಮೀಕ್ಷೆಯ ವರದಿಯನ್ನು ಆಯೋಗ ಒಪ್ಪಿದ್ದರೂ ಸರ್ಕಾರ ಪ್ರಕಟಿಸಲಿಲ್ಲವೆಂದು ಹಂಗಾಮಿ ಅಧ್ಯಕ್ಷ ಪಿ.ಸಿ. ಮೋಹನನ್ ಮತ್ತು ಸದಸ್ಯೆ ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ನಿರುದ್ಯೋಗ ಶೇ 6.1 ಎಂದು ಹೇಳಿದ ಆ ವರದಿ ಹೊರಬಂದದ್ದು ಮೇ 31ಕ್ಕೆ, ಲೋಕಸಭಾ ಚುನಾವಣೆಯ ಫಲಿತಾಂಶ ಬಂದು ಒಂದು ವಾರ ಕಳೆದ ಮೇಲೆ. ಕಾವಲುಗಾರನ ಕೈಯಲ್ಲಿ ಇದ್ದ ಕೋಲು ರಾಜೀನಾಮೆಯೊಂದೇ. ಅದನ್ನು ಒಂದೇ ಸಲ ಬೀಸಬಹುದು.

ಪಕ್ಷಪಾತ ಬೇಡ, ನಮ್ಮ ರಾಜ್ಯವೂ ಇದರಲ್ಲಿ ಹಿಂದೆ ಬಿದ್ದಿಲ್ಲ. 2015ರಲ್ಲಿ ಮನೆಮನೆಗೆ ಹೋಗಿ ಮಾಡಿದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ವರದಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರುವರಿಯಲ್ಲಿ. ನಡುವೆ ಮೂರು ಪಕ್ಷಗಳ ಮುಖ್ಯಮಂತ್ರಿಗಳು ಬಂದು ಹೋದರು. ವರದಿಯೊಳಗಿನ ಅಂಕಿ ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಯಾವಾಗ ಹೊರಬರಬೇಕೆಂದು ಮೊದಲೇ ದಿನ ಗೊತ್ತುಮಾಡದ ಅಂಕಿಗೆ ಇದೇ ಗತಿ. ಬ್ರಿಟನ್ನಿನ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಪ್ರಕಟಣೆಗೆ ಮುನ್ನ ಮಂತ್ರಿಗಳಿಗೆ ಅಂಕಿ ತೋರಿಸುವುದನ್ನೇ 2017ರ ಜುಲೈ 1ರಿಂದ ನಿಲ್ಲಿಸಿತು. ನಾನು ಕೆಲಸದಲ್ಲಿದ್ದಾಗ 'ಸಾಹೇಬರು ನೋಡಿದ ಮೇಲೆ' ಎಂಬುದು ಬಿಡುಗಡೆಯ ದಿನಾಂಕಕ್ಕೆ ಇನ್ನೊಂದು ಹೆಸರಾಗಿತ್ತು.

ಸಣ್ಣ ಜಾಗದ ನಿಜವಾದ ಕಷ್ಟ ಹಣದ್ದಲ್ಲ, ಮುಖಪರಿಚಯದ್ದು. ಬೆಂಗಳೂರಿನಲ್ಲಿ ಪರಿಶೀಲಕನಿಗೆ ಎಣಿಕೆದಾರ ಯಾರೋ ಒಬ್ಬ. ಹೊಸನಗರದಲ್ಲಿ ಅವನ ಹೆಂಡತಿಯ ಅಣ್ಣ, ಇಲ್ಲವೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವನು. ತಪ್ಪು ಸಿಕ್ಕರೂ ಬರೆಯಲು ಕೈ ಬರುವುದಿಲ್ಲ. ಬರೆದರೆ ಮುಂದಿನ ಮದುವೆಮನೆಯಲ್ಲಿ ಊಟದ ಪಂಕ್ತಿ ಬೇರೆಯಾಗುತ್ತದೆ. ಇದಕ್ಕೆ ಮದ್ದು ಕಾನೂನಿನ ಪುಸ್ತಕದಲ್ಲಿಲ್ಲ, ನಕ್ಷೆಯಲ್ಲಿದೆ. ಸೊರಬದ ಪ್ರಯೋಗಗಳಲ್ಲಿ ಕೆಲವನ್ನು ಕೊಪ್ಪದವರು ಮರುಪರಿಶೀಲಿಸಲಿ, ಕೊಪ್ಪದ್ದನ್ನು ಸೊರಬದವರು. ಬೇರೆ ಜಿಲ್ಲೆ, ಬೇರೆ ಮೇಲಧಿಕಾರಿ, ಆದರೆ ಮಳೆ, ಮಣ್ಣು, ಗದ್ದೆಯ ಬದು ಎಲ್ಲ ಗೊತ್ತಿರುವವರು. ಬೆಳೆ ಅಂಕಿಅಂಶ ಸುಧಾರಣೆಯ ಹೆಸರಿನಲ್ಲಿ 1970ರ ದಶಕದಿಂದಲೂ ಕೆಲವು ಹಳ್ಳಿಗಳನ್ನು ಆರಿಸಿ, ಬರೆದಿರುವ ಬೆಳೆ ನಿಜವಾಗಿ ಇದೆಯೇ ಎಂದು ಕೇಂದ್ರ ಮತ್ತು ರಾಜ್ಯದ ಸಾಂಖ್ಯಿಕ ಸಿಬ್ಬಂದಿ ಮರುತಪಾಸಣೆ ಮಾಡುತ್ತಾ ಬಂದಿದ್ದಾರೆ. ಅದು ಒಳ್ಳೆಯ ಕೆಲಸ. ಅದರಲ್ಲಿ ಸಿಕ್ಕ ತಪ್ಪುಗಳು ಯಾವ ಹಳ್ಳಿಯ ಗ್ರಾಮ ಸಭೆಯಲ್ಲೂ ಓದಲ್ಪಟ್ಟದ್ದನ್ನು ಮಾತ್ರ ನಾನು ಕಂಡಿಲ್ಲ.

ಗುಟ್ಟು ಕಾಯುವ ಕಷ್ಟವೂ ಇದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಂದಿಗೂ ಜ್ವರದ ಕಾಲ ಬಂದರೆ 'ಎಷ್ಟು ಜನ ಸತ್ತರು' ಎಂಬ ಪ್ರಶ್ನೆಗೆ ಊರಿನದೊಂದು ಲೆಕ್ಕ, ಆರೋಗ್ಯ ಇಲಾಖೆಯದೊಂದು ಲೆಕ್ಕ. ಇಲಾಖೆ ಪ್ರಯೋಗಾಲಯದಲ್ಲಿ ಖಚಿತವಾದದ್ದನ್ನು ಎಣಿಸುತ್ತದೆ, ಊರು ತಾನು ಹೊತ್ತ ಚಟ್ಟಗಳನ್ನು ಎಣಿಸುತ್ತದೆ. ಸಂಶಯಾಸ್ಪದ ಸಾವುಗಳನ್ನು ಬೇರೆ ಕಾಲಮ್ಮಿನಲ್ಲಿ ತೋರಿಸಿದರೆ ಅರ್ಧ ಸಿಟ್ಟು ಇಳಿಯುತ್ತದೆ. ಆದರೆ ಇಪ್ಪತ್ತು ಮನೆಯ ಊರಿನ ಹೆಸರು ಹಾಕಿ 'ಮಹಿಳೆ, 35 ವರ್ಷ' ಎಂದು ಬರೆದರೆ ಹೆಸರನ್ನೇ ಬರೆದ ಹಾಗೆ. ಎಷ್ಟು ಸಣ್ಣ ಅಂಕಿಯನ್ನು ಊರುವಾರು ಕೊಡಬಾರದು, ಯಾವುದನ್ನು ಹೋಬಳಿ ಮಟ್ಟದಲ್ಲಿ ಕೂಡಿಸಿ ಕೊಡಬೇಕು ಎಂಬುದನ್ನು ನಿರ್ಧರಿಸುವುದೂ ಸ್ವತಂತ್ರ ಪರಿಶೀಲಕರ ಕೆಲಸವೇ. ಎಲ್ಲವನ್ನೂ ಬಯಲಿಗೆಳೆಯಿರಿ ಎನ್ನುವವರು ಇದನ್ನು ಮರೆಯುತ್ತಾರೆ.

ಹಾಗಾದರೆ ನಮ್ಮ ಜಿಲ್ಲೆಗೆ ಏನು ಸಾಧ್ಯ? ಸಂವಿಧಾನದ 243ಝಡ್‌ಡಿ ವಿಧಿ ಜಿಲ್ಲಾ ಯೋಜನಾ ಸಮಿತಿ ಇರಬೇಕೆನ್ನುತ್ತದೆ. ಕಾಗದದ ಮೇಲೆ ಅಂಕಿ ಕೇಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಜಿಲ್ಲಾ ಪಂಚಾಯಿತಿಯ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ಕಾಣಲಿಲ್ಲ. ಚುನಾಯಿತರೇ ಇಲ್ಲದಿದ್ದರೆ ಕೇಳುವವರು ಯಾರು? ಅದಕ್ಕೇ ನಾನು ಜೆರ್ಸಿಯ ಬಳಗದ ಕಡೆ ನೋಡುವುದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದ ಸಂಖ್ಯೆ ಬಲ್ಲ ಒಬ್ಬ ಅಧ್ಯಾಪಕರು, ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದಿಂದ ಬೆಳೆ ಬಲ್ಲ ಒಬ್ಬರು, ಅಡಿಕೆ ಸಹಕಾರ ಸಂಘವೊಂದರ ಪ್ರತಿನಿಧಿ, ಬೇರೆ ಜಿಲ್ಲೆಯಲ್ಲಿ ನಿವೃತ್ತರಾದ ಸಾಂಖ್ಯಿಕ ಅಧಿಕಾರಿ, ಒಬ್ಬ ವೈದ್ಯರು. ಅಷ್ಟು ಸಾಕು. ಅಧ್ಯಕ್ಷತೆ ಜಿಲ್ಲಾಧಿಕಾರಿಯವರದಾಗಬಾರದು. ಅವರು ಕೆಟ್ಟವರೆಂದಲ್ಲ, ಜಿಲ್ಲೆಯ ಅಂಕಿ ಒಳ್ಳೆಯದಾಗಿ ಕಾಣಬೇಕೆಂಬ ಒತ್ತಡ ಮೊದಲು ಬೀಳುವುದೇ ಅವರ ಮೇಜಿನ ಮೇಲೆ. ಬಳಗಕ್ಕೆ ಅಂಕಿ ಬದಲಿಸುವ ಅಧಿಕಾರ ಕೊಡಲೇಬಾರದು. ಕೇಳುವ ಅಧಿಕಾರ, ಕೇಳಿದ್ದನ್ನೂ ಬಂದ ಉತ್ತರವನ್ನೂ ಪ್ರಕಟಿಸುವ ಅಧಿಕಾರ ಇರಲಿ. ವರ್ಷಕ್ಕೊಮ್ಮೆ ತಿದ್ದುಪಡಿಗಳ ಪಟ್ಟಿ ಹೊರಬರಲಿ: ಯಾವ ಅಂಕಿ, ಮೊದಲು ಎಷ್ಟಿತ್ತು, ಈಗ ಎಷ್ಟು, ಏಕೆ. ತಪ್ಪನ್ನು ತಾನಾಗಿ ತಿದ್ದಿ ಬರೆಯುವ ಕಚೇರಿಯನ್ನು ನಾನು ನಂಬುತ್ತೇನೆ, ಒಂದೂ ತಪ್ಪಿಲ್ಲದ ಪುಸ್ತಕ ಅಚ್ಚು ಹಾಕುವ ಕಚೇರಿಯನ್ನು ನಂಬುವುದಿಲ್ಲ. ಇದು ಚಹಾ ಬಿಸ್ಕತ್ತಿನ ಇನ್ನೊಂದು ಸಮಿತಿಯಾಗುವ ಅಪಾಯ ಖಂಡಿತ ಇದೆ. ಅಂಥ ಬಿಸ್ಕತ್ತು ನಾನೂ ಸಾಕಷ್ಟು ತಿಂದಿದ್ದೇನೆ.

ಇದರ ಬೆಲೆ ಸಣ್ಣದೆಂದು ತಿಳಿಯಬೇಡಿ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ವಿಂಗಡಿಸಿದ್ದು ಸೂಚ್ಯಂಕದ ಮೇಲೆ, ಸೂಚ್ಯಂಕ ಕಟ್ಟಿದ್ದು ತಾಲ್ಲೂಕು ಮಟ್ಟದ ಅಂಕಿಗಳ ಮೇಲೆ. ಅನುದಾನ ಹರಿದದ್ದು ಆ ಪಟ್ಟಿ ಹಿಡಿದು.

ಬಳಗ ಬರುವ ತನಕ ನೀವು ಕಾಯಬೇಕಾಗಿಲ್ಲ. ಬೆಳೆ ದರ್ಶಕ್ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ನೋಡಿ, ತಪ್ಪಿದ್ದರೆ ಆಕ್ಷೇಪಣೆಯ ಅವಧಿಯೊಳಗೆ ಅಲ್ಲೇ ಹಾಕಿ. ಅವಧಿ ಮೀರಿದ ಮೇಲೆ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಯುತ್ತದೆ, ಅಂಕಿ ಬದಲಾಗುವುದಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಕುವಾಗ 'ವಿಸ್ತೀರ್ಣ ಎಷ್ಟು' ಎಂದು ಕೇಳಬೇಡಿ, ಅದಕ್ಕೆ ಮೂವತ್ತು ದಿನದೊಳಗೆ ನಾಲ್ಕನೆಯ ಅಂಕಿ ಬರುತ್ತದೆ. 'ಈ ಅಂಕಿಯನ್ನು ಯಾವ ದಾಖಲೆಯಿಂದ, ಯಾವ ವಿಧಾನದಲ್ಲಿ, ಯಾವ ದಿನಾಂಕದಂದು ಪಡೆದಿರಿ, ಮಿಶ್ರಬೆಳೆಯನ್ನು ಹೇಗೆ ಎಣಿಸಿದಿರಿ' ಎಂದು ಕೇಳಿ. ಉತ್ತರ ಬಾರದಿದ್ದರೆ ಅದೇ ಉತ್ತರ. ಪಂಚಾಯಿತಿಯ ಜಮಾಬಂದಿಯಲ್ಲಿ ಹಣದ ಲೆಕ್ಕ ಓದಿಸುವ ಹಾಗೆ ಬೆಳೆ ಮತ್ತು ಮಳೆಯ ಅಂಕಿಗಳನ್ನೂ ಓದಿಸಿ ಎಂದು ಒಂದು ಠರಾವು ಮಾಡಿಸಬಹುದು. ನೀವು ಸದಸ್ಯರಾಗಿದ್ದವರು, ದಾರಿ ಗೊತ್ತು.

ಕೊನೆಗೆ ಮಳೆ. ಅಡಿಕೆಯ ಹವಾಮಾನ ಆಧಾರಿತ ವಿಮೆಯಲ್ಲಿ ಯಾರೂ ನಿಮ್ಮ ತೋಟಕ್ಕೆ ಬಂದು ಕೊಳೆ ರೋಗ ನೋಡುವುದಿಲ್ಲ, ಮಳೆಮಾಪಕ ಹೇಳಿದ್ದೇ ವೇದ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಾಪಕಗಳನ್ನು ಇಟ್ಟಿದೆ. ಕೊಳವೆಯ ಬಾಯಿಗೆ ಬಿದ್ದ ನೀರು ಒಳಗಿನ ಪುಟ್ಟ ತೊಟ್ಟಿಯನ್ನು ಟಕ್ ಟಕ್ ಎಂದು ಮಗುಚುತ್ತದೆ, ಮಗುಚಿದ್ದನ್ನು ಯಂತ್ರ ಎಣಿಸುತ್ತದೆ. ಒಂದು ಹಲಸಿನ ಎಲೆ ಸಾಕು, ಒಂದು ಜೇಡನ ಬಲೆ ಸಾಕು, ಆಷಾಢದ ಮಳೆ ತುಂತುರಾಗಿಬಿಡುತ್ತದೆ. ಮರವೋ ಕಟ್ಟಡವೋ ಇದ್ದರೆ ಅದರ ಎತ್ತರದ ಎರಡರಷ್ಟಾದರೂ ದೂರದಲ್ಲಿ ಮಾಪಕ ಇರಬೇಕೆಂಬುದು ನಿಯಮ. ನಾನು ನೋಡಿದ ಒಂದು ಮಾಪಕಕ್ಕೆ ಸಿಲ್ವರ್ ಓಕ್ ಮರ ಕೊಡೆ ಹಿಡಿದಿತ್ತು. ಮಾಪಕ ಇಟ್ಟಾಗ ಅದು ಮೊಣಕಾಲೆತ್ತರದ ಸಸಿ.

ಮೇ ತಿಂಗಳಲ್ಲಿ, ಮೊದಲ ಮಳೆಗೆ ಮುಂಚೆ, ನಿಮ್ಮ ಪಂಚಾಯಿತಿಯ ಮಾಪಕದ ಹತ್ತಿರ ಹೋಗಿ ನಾಲ್ಕು ದಿಕ್ಕಿನಿಂದ ದಿನಾಂಕ ಬರುವಂತೆ ಫೋಟೊ ತೆಗೆಯಿರಿ. ಬೀಗ ಮುಟ್ಟಬೇಡಿ. ಮರವಿದ್ದರೆ ಅದರ ಎತ್ತರ, ದೂರ ಬರೆದು ಪಂಚಾಯಿತಿಗೆ ಒಂದು, ಉಸ್ತುವಾರಿ ಕೇಂದ್ರಕ್ಕೆ ಒಂದು, ತೋಟಗಾರಿಕೆ ಇಲಾಖೆಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಮಳೆ ಮುಗಿದ ಮೇಲೆ ಕೊಟ್ಟ ಅರ್ಜಿ ದೂರು ಎನಿಸಿಕೊಳ್ಳುತ್ತದೆ, ಮುಂಚೆ ಕೊಟ್ಟದ್ದು ಸಾಕ್ಷಿ. ಮನೆಯಂಗಳದಲ್ಲಿ ನೀವೂ ಒಂದು ಸಾದಾ ಮಾಪಕ ಇಟ್ಟು ದಿನಾ ಬೆಳಿಗ್ಗೆ ಎಂಟೂವರೆಗೆ ಓದಿ ಬರೆಯಿರಿ. ಹವಾಮಾನ ಇಲಾಖೆಯ ದಿನವೂ ಆ ಹೊತ್ತಿಗೇ ಬದಲಾಗುತ್ತದೆ. ಆ ಪುಸ್ತಕಕ್ಕೂ ಒಂದು ಕಾರ್ಬನ್ ಹಾಳೆ ಇರಲಿ.